ಪಾಲಿಹೌಸಿನೊಳಗೆ ಮಳೆ ಬರುದಿಲ್ಲ, ಹಾಗಾಗಿ ಹಟ್ಟಿಗೊಬ್ಬರದ ಲೆಕ್ಕವೇ ಬೇರೆ

ಪ್ರಶ್ನೆ: ನಮ್ದು ಹಿರಿಯಡ್ಕ ಕಡೆ 25 ಸೆಂಟ್ಸ್ ಪಾಲಿಹೌಸ್, ಮುಳ್ಳುಸೌತೆ ಹಾಕಿದ್ದು. ಮೊದಲ ಬೆಳೆಗೆ ಮನೆಯ ಹಟ್ಟಿಗೊಬ್ಬರ ಒಂದು 4 ಟನ್ ಹಾಕಿದ್ದೆ, ಕಾಯಿ ಒಳ್ಳೆ ಬಂತು. ಎರಡನೇ ಬೆಳೆಗೆ ಪರಿಚಯದವರೊಬ್ರು ಚದರ ಮೀಟರಿಗೆ 20 ಕೆಜಿ ಬೇಕೇ ಬೇಕು ಅಂದ್ರು, ಹಾಗೆ ಹೊರಗಿಂದ ಸೇರಿಸಿ 20 ಟನ್ ಮಾಡಿದೆ, ಮೇಲಿಂದ 2 ಟನ್ ಕೋಳಿಗೊಬ್ಬರ. ಡ್ರಿಪ್ಪಲ್ಲಿ ನೀರಿಗೆ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುದು) ಮಾಮೂಲಿ ಬಿಡ್ತಾ ಇದ್ದೇನೆ. ಈಗ ಎಲೆ ಕಡು ಹಸಿರು ಉಂಟು, ಆದ್ರೆ ಅಂಚು ಸುಟ್ಟ ಹಾಗೆ, ಕಾಯಿ ಮೊದಲಿನ ಅರ್ಧವೂ ಇಲ್ಲ, ಬೆಡ್ಡಿನ ಬದಿಯಲ್ಲೆಲ್ಲ ಬಿಳಿ ಪುಡಿ ಎದ್ದಿದೆ. ಹಟ್ಟಿಗೊಬ್ಬರ ಪಾಲಿಹೌಸಿಗೆ ಆಗುದೇ ಇಲ್ವಾ? ಎಷ್ಟು ಹಾಕ್ಬೇಕು?

ಉತ್ತರ:

ಮೊದಲು ಒಂದು ಮಾತು ಹೇಳಿ ಬಿಡ್ತೇನೆ ಮಾರಾಯ್ರೆ, ಮೊದಲ ಬೆಳೆಗೆ, ಹೊಸ ಬೆಡ್ಡಿಗೆ ನೀವು ಹಾಕಿದ 4 ಟನ್ ಸರಿಯಾದ ಲೆಕ್ಕವೇ. ಯಾರೂ ಹೇಳದೆ ನೀವಾಗಿಯೇ ಸರಿಯಾಗಿ ಮಾಡಿದ್ರಿ, ಆಮೇಲೆ ಹೇಳಿದ್ದನ್ನು ಕೇಳಿ ಹಾಳಾಯ್ತು. ಹಟ್ಟಿಗೊಬ್ಬರ ಪಾಲಿಹೌಸಿಗೆ ಆಗ್ತದಾ ಅಂದ್ರೆ ಖಂಡಿತ ಆಗ್ತದೆ, ನಮ್ಮ ಕೆಂಪು ಮುರಕಲ್ಲು ಮಣ್ಣಿಗೆ ಅದು ಇಲ್ಲದೆ ತರಕಾರಿ ಮಾಡುದೇ ಕಷ್ಟ. ಆದ್ರೆ ಹೊರಗಿನ ಗದ್ದೆಗೆ ಹಾಕುವ ಅಂದಾಜಿನಲ್ಲಿ ಪ್ಲಾಸ್ಟಿಕ್ಕಿನ ಕೆಳಗೆ ಹಾಕ್ಲಿಕ್ಕೆ ಆಗುದಿಲ್ಲ.

ಯಾಕೆ ಅಂತ ಹೇಳ್ತೇನೆ. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಜೂನ್ ಒಂದೇ ತಿಂಗಳಲ್ಲಿ ಸಾವಿರದ ಹತ್ತಿರ ಬೀಳ್ತದೆ. ಅಷ್ಟು ನೀರು ಮಣ್ಣಿನೊಳಗಿಂದ ಇಳಿದು ಹೋಗುವಾಗ ಕರಗುವಂಥದ್ದು ಎಂತ ಇದ್ರೂ ತೊಳೆದುಕೊಂಡು ಹೋಗ್ತದೆ, ಸುಣ್ಣದ ಅಂಶ, ಪೊಟ್ಯಾಷ್, ನೈಟ್ರೇಟ್, ಉಪ್ಪು ಎಲ್ಲ. ಹಾಗಾಗಿಯೇ ನಮ್ಮ ಹಿರಿಯರು ವರ್ಷ ವರ್ಷ ಹೆಡಿಗೆ ಹೆಡಿಗೆ ಗೊಬ್ಬರ ಹೊತ್ತು ಹಾಕಿದ್ದು, ಹಾಕಿದಷ್ಟೂ ಮಳೆಗಾಲ ತಿಂದು ಹಾಕ್ತಿತ್ತು, ಎಷ್ಟು ಹಾಕಿದ್ರೂ ಹೆಚ್ಚಾಯ್ತು ಅಂತ ಆಗುವ ಪ್ರಶ್ನೆಯೇ ಇರ್ಲಿಲ್ಲ. ಆ ಅಂದಾಜು ನಮ್ಮ ಕೈಯಲ್ಲೇ ಕೂತುಬಿಟ್ಟಿದೆ. ಆದ್ರೆ ಪಾಲಿಹೌಸ್ ಒಳಗೆ ಒಂದು ಹನಿ ಮಳೆ ಇಲ್ಲ. ಡ್ರಿಪ್ಪಿನ ನೀರು ಒಂದು ಗೇಣು ಇಳಿಯುದು, ಮತ್ತೆ ಬಿಸಿಗೆ ಆವಿಯಾಗಿ ಮೇಲೆ ಬರುದು, ಬರುವಾಗ ಕರಗಿದ ಉಪ್ಪನ್ನು ಜೊತೆಗೆ ತಂದು ಮೇಲೆ ಇಟ್ಟು ನೀರು ಮಾತ್ರ ಹಾರಿ ಹೋಗುದು. ಹೊರಗೆ ನೀರಿನ ದಾರಿ ಮೇಲಿಂದ ಕೆಳಗೆ, ಒಳಗೆ ಕೆಳಗಿಂದ ಮೇಲೆ. ನಿಮ್ಮ ಬೆಡ್ಡಿನ ಬದಿಯ ಬಿಳಿ ಪುಡಿ ಅದೇ.

ಅದು ಉಪ್ಪೇ ಹೌದಾ ಅಂತ ಒಮ್ಮೆ ನೋಡಿಕೊಳ್ಳಿ, ಶಿಲೀಂಧ್ರವೂ ಬೆಳ್ಳಗೆ ಬರ್ತದೆ. ಶಿಲೀಂಧ್ರ ಆದ್ರೆ ಹತ್ತಿಯ ಹಾಗೆ ಎಳೆ ಎಳೆ ಇರ್ತದೆ, ಗೊಬ್ಬರದ ಗಟ್ಟಿಗಳ ಸುತ್ತವೇ ಇರ್ತದೆ, ಅದರಿಂದ ತೊಂದರೆ ಇಲ್ಲ. ಉಪ್ಪು ಆದ್ರೆ ಬೆರಳಲ್ಲಿ ಉಜ್ಜುವಾಗ ಪುಡಿ ಪುಡಿ, ಒಂದು ಲೋಟ ನೀರಿಗೆ ಹಾಕಿದ್ರೆ ಕರಗಿ ಕಾಣದ ಹಾಗೆ ಆಗ್ತದೆ. ಇನ್ನೊಂದು, ಉಪ್ಪು ಯಾವಾಗ್ಲೂ ಡ್ರಿಪ್ಪಿನ ಒದ್ದೆ ಎಲ್ಲಿ ಮುಗೀತದೋ ಅಲ್ಲಿ, ಆ ಒದ್ದೆ-ಒಣಗಿದ ಗೆರೆಯಲ್ಲಿ ಕೂರ್ತದೆ. ನಿಮ್ಮದು ಬದಿಯಲ್ಲಿ ಅಂತ ಬರೆದ ಕಾರಣ ನನಗೆ ಉಪ್ಪೇ ಅಂತ ಬಹುತೇಕ ಖಾತ್ರಿ.

ಈಗ ಲೆಕ್ಕ ಮಾಡುವ. ಸಾಮಾನ್ಯ ಹಟ್ಟಿಗೊಬ್ಬರದಲ್ಲಿ ಸಾರಜನಕ ಅರ್ಧ ಪರ್ಸೆಂಟ್, ರಂಜಕ 0.2, ಪೊಟ್ಯಾಷ್ ಅರ್ಧ ಪರ್ಸೆಂಟ್ ಅಂತ ಇಟ್ಟುಕೊಳ್ಳಿ. 20 ಟನ್ ಅಂದ್ರೆ 100 ಕೆಜಿ ಸಾರಜನಕ, 40 ಕೆಜಿ ರಂಜಕ, 100 ಕೆಜಿ ಪೊಟ್ಯಾಷ್. ಕೋಳಿಗೊಬ್ಬರದಲ್ಲಿ ಸಾರಜನಕ 3 ಪರ್ಸೆಂಟ್ ಹತ್ರ ಇರ್ತದೆ, 2 ಟನ್ನಿಗೆ ಇನ್ನೊಂದು 60 ಕೆಜಿ. ಒಟ್ಟು 160. ಇದೆಲ್ಲ ಒಂದೇ ಬೆಳೆಗೆ ಸಿಗುದಿಲ್ಲ, ಹಟ್ಟಿಗೊಬ್ಬರದ್ದು ಮೊದಲ ಬೆಳೆಗೆ ಮೂರರಲ್ಲಿ ಒಂದು ಪಾಲು, ಕೋಳಿಗೊಬ್ಬರದ್ದು ಅರ್ಧಕ್ಕಿಂತ ಜಾಸ್ತಿ. ಆದ್ರೂ 60 ಕೆಜಿ ಮೇಲೆ ಆಯ್ತಲ್ಲ. 10 ಟನ್ ಮುಳ್ಳುಸೌತೆ ಕೊಯ್ದ್ರೂ ಆ ಬೆಳೆ ಮಣ್ಣಿಂದ ಎತ್ತುದು ಸುಮಾರು 20-25 ಕೆಜಿ ಸಾರಜನಕ ಅಷ್ಟೆ. ಅದರ ಮೇಲೆ ನೀವು 19:19:19 ಬೇರೆ ಬಿಡ್ತಾ ಇದ್ದೀರಿ. ಹೊಟ್ಟೆ ತುಂಬಿ ಊಟ ಮಾಡಿ ಎದ್ದವನನ್ನು ಮತ್ತೆ ಕೂರಿಸಿ ಬಡಿಸಿದ ಹಾಗೆ.

ಇದರಲ್ಲಿ ಇನ್ನೊಂದು ತಪ್ಪು ಉಂಟು, ಇದು ತುಂಬ ಕಡೆ ನೋಡಿದ್ದೇನೆ, ಹಾಗಾಗಿ ಎಲ್ಲರೂ ಗಮನಿಸಿ. 25 ಸೆಂಟ್ಸ್ ಅಂದ್ರೆ ಸಾವಿರ ಚದರ ಮೀಟರ್, ಅದಕ್ಕೆ 20 ಕೆಜಿ ಹಾಗೆ 20 ಟನ್ ಅಂತ ಲೆಕ್ಕ ಹಾಕುದು, ತರಿಸುದು, ಆದ್ರೆ ಹಾಕುದು ಎಲ್ಲಿಗೆ? ಬೆಡ್ಡಿಗೆ ಮಾತ್ರ, ನಡೆಯುವ ದಾರಿಗೆ ಯಾರೂ ಹಾಕುದಿಲ್ಲ. ದಾರಿ ಬಿಟ್ಟು ಬೆಡ್ಡಿನ ಜಾಗ ಅಂತ ಅಳೆದ್ರೆ 600 ಚದರ ಮೀಟರ್ ಇದ್ದೀತು. ಅಂದ್ರೆ ನಿಮ್ಮ ಗಿಡದ ಬುಡಕ್ಕೆ ಬಿದ್ದದ್ದು ಮೀಟರಿಗೆ 20 ಅಲ್ಲ, 33 ಕೆಜಿ, ಜೊತೆಗೆ ಕೋಳಿಗೊಬ್ಬರ ಮೂರು ಕೆಜಿ ಮೇಲೆ. ಚದರ ಮೀಟರಿಗೆ 20-25 ಕೆಜಿ ಅಂತ ಪಾಲಿಹೌಸ್ ಕ್ಯಾಪ್ಸಿಕಂನ ಶಿಫಾರಸ್ಸುಗಳಲ್ಲಿ ಇರುದು ನಿಜ. ಹೊಸತಾಗಿ ಬೆಡ್ ಕಟ್ಟುವಾಗ, ಜೀವ ಇಲ್ಲದ ಅಡಿಮಣ್ಣನ್ನು ಜೆಸಿಬಿಯಲ್ಲಿ ತಂದು ತುಂಬಿದಾಗ, ಚೆನ್ನಾಗಿ ಮಾಗಿದ ಗೊಬ್ಬರವನ್ನು ಒಮ್ಮೆ ಅಷ್ಟು ಹಾಕುದಕ್ಕೆ ಅರ್ಥ ಉಂಟು. ಪ್ರತಿ ಬೆಳೆಗೂ ಹಾಕ್ಲಿಕ್ಕೆ ಇಲ್ಲ, ಮಾಗದ್ದನ್ನಂತೂ ಇಲ್ಲವೇ ಇಲ್ಲ.

ಗಿಡಕ್ಕೆ ಎಂತ ಆಗ್ತಾ ಉಂಟು ಅಂದ್ರೆ, ಮಣ್ಣಿನ ನೀರಿನಲ್ಲಿ ಉಪ್ಪು ಜಾಸ್ತಿಯಾದಾಗ ಬೇರಿಗೆ ನೀರು ಎಳೆಯುದು ಕಷ್ಟ ಆಗ್ತದೆ, ಮಣ್ಣು ಒದ್ದೆ ಇದ್ರೂ ಗಿಡಕ್ಕೆ ಬಾಯಾರಿಕೆ. ಹೇಗೋ ಕಷ್ಟಪಟ್ಟು ಎಳೆದ ನೀರು ಎಲೆಯ ಅಂಚಿನ ತನಕ ಹೋಗಿ ಅಲ್ಲಿ ಆವಿಯಾಗ್ತದೆ, ಉಪ್ಪು ಅಲ್ಲೇ ಉಳೀತದೆ, ಅಂಚು ಸುಡ್ತದೆ. ಕೆಳಗಿನ ಹಳೇ ಎಲೆಯಲ್ಲಿ ಮೊದಲು ಕಾಣ್ತದೆ. ಒಂದು ಎಲೆ ತೆಗೆದು ಬಿಸಿಲಿಗೆ ಹಿಡಿದು ನೋಡಿ, ನಡುವೆ ಚಂದ ಹಸಿರು, ಅಂಚಿನ ಸುತ್ತ ಕಂದು ಬಣ್ಣದ ಕರೆ, ಅದರ ಒಳಗೆ ತೆಳು ಹಳದಿ ಗೆರೆ, ರೋಗ ಆದ್ರೆ ಇಷ್ಟು ನೀಟಾಗಿ ಸುತ್ತಲೂ ಬರುದಿಲ್ಲ. ಕಡು ಹಸಿರು ಅಂದ್ರೆ ಗಿಡ ಸುಖವಾಗಿದೆ ಅಂತ ನಾವು ಅಂದುಕೊಳ್ತೇವೆ, ಆದ್ರೆ ಸಾರಜನಕ ಜಾಸ್ತಿಯಾದ, ನೀರು ಸಾಲದ ಗಿಡವೂ ಹಾಗೇ ಕಾಣುದು, ಎಲೆ ದಪ್ಪ, ಗಿಣ್ಣು ಹತ್ತಿರ ಹತ್ತಿರ, ಬಳ್ಳಿ ಕುಳ್ಳ. ಟೊಮೆಟೊ ಆಗಿದ್ರೆ ಕಾಯಿಯ ತುದಿ ಕಪ್ಪಾಗಿ ಕೊಳೀತಿತ್ತು, ಯಾಕಂದ್ರೆ ಪೊಟ್ಯಾಷು, ಅಮೋನಿಯಾ ರೂಪದ ಸಾರಜನಕ ಹೆಚ್ಚಾದಾಗ ಅವು ಕ್ಯಾಲ್ಸಿಯಂನ ದಾರಿಗೆ ಅಡ್ಡ ಬರ್ತವೆ. ಹಸಿರು ಮೆತ್ತಗಾದ ಚಿಗುರಿಗೆ ಬಿಳಿನೊಣ, ಹೇನು ಓಡಿ ಬರುದು ಬೇರೆ.

ಹಾಗಾದ್ರೆ ಹಟ್ಟಿಗೊಬ್ಬರವೇ ಬೇಡ, ಬರೀ ಡ್ರಿಪ್ಪಲ್ಲಿ ಮಾಡ್ತೇನೆ ಅಂತ ಮಾತ್ರ ಹೊರಡ್ಬೇಡಿ. ಸಾರಜನಕ ಬೇಕಾದ್ರೆ ಒಂದು ಚೀಲ ಯೂರಿಯಾದಲ್ಲೂ ಸಿಗ್ತದೆ, ಹಟ್ಟಿಗೊಬ್ಬರ ಹಾಕುದು ಅದಕ್ಕೆ ಅಲ್ಲ. ನಮ್ಮ ಮುರಕಲ್ಲು ಮಣ್ಣಿನ ಜೇಡಿಗೆ ಗೊಬ್ಬರದ ಅಂಶವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ತುಂಬ ಕಡಿಮೆ, ನೀರು ಸ್ವಲ್ಪ ಜಾಸ್ತಿ ಆದ್ರೂ ಡ್ರಿಪ್ಪಲ್ಲಿ ಬಿಟ್ಟದ್ದು ಬೇರಿನಿಂದ ಕೆಳಗೆ ಇಳಿದೇ ಹೋಗ್ತದೆ. ಹಿಡಿದುಕೊಳ್ಳುವ ಕೆಲಸ ಮಾಡುದು ಮಣ್ಣಿನ ಸಾವಯವ ಅಂಶ. ಇನ್ನು ನಮ್ಮ ಮಣ್ಣು ಹುಳಿ, ಪಿಎಚ್ 5ರ ಆಚೀಚೆ, ಕಬ್ಬಿಣ ಅಲ್ಯೂಮಿನಿಯಂ ತುಂಬಿದ ಮಣ್ಣು. ಹಾಕಿದ ರಂಜಕವನ್ನು ಈ ಕಬ್ಬಿಣ ಅಲ್ಯೂಮಿನಿಯಂ ಗಟ್ಟಿ ಹಿಡಿದುಕೊಂಡು ಗಿಡಕ್ಕೆ ಬಿಡುದಿಲ್ಲ, ಕರಗಿದ ಅಲ್ಯೂಮಿನಿಯಂ ಎಳೆಬೇರಿನ ತುದಿಯನ್ನೇ ಮೊಂಡು ಮಾಡ್ತದೆ. ಗೊಬ್ಬರ ಕೊಳೆಯುವಾಗ ಬರುವ ಸಾವಯವ ಆಮ್ಲಗಳು ಆ ಅಲ್ಯೂಮಿನಿಯಂ ಅನ್ನು ಕಟ್ಟಿ ಹಾಕ್ತವೆ, ರಂಜಕ ಸ್ವಲ್ಪ ಸಡಿಲ ಆಗ್ತದೆ. ಹಟ್ಟಿಗೊಬ್ಬರ ಹಾಕಿದ ಬೆಡ್ಡಿನಿಂದ ಒಂದು ಬಳ್ಳಿ ಮೆಲ್ಲ ಕಿತ್ತು ಬೇರು ನೋಡಿ, ಹಾಕದ ಕಡೆಯದ್ದೂ ನೋಡಿ, ಒಂದರಲ್ಲಿ ಕೂದಲಿನ ಹಾಗೆ ಬಿಳಿ ಬೇರು ಮಣ್ಣನ್ನು ಅಪ್ಪಿಕೊಂಡು ಬರ್ತದೆ, ಇನ್ನೊಂದರಲ್ಲಿ ನಾಲ್ಕು ದಪ್ಪ ಕಂದು ಬೇರು, ಮಣ್ಣು ಉದುರಿ ಹೋಗ್ತದೆ.

ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1843ರಿಂದ ಇವತ್ತಿನವರೆಗೆ ನಡೀತಾ ಇರುವ ಗೋಧಿ ಗದ್ದೆಯ ಪ್ರಯೋಗ ಉಂಟು, ಅದರಲ್ಲಿ ಒಂದು ತುಂಡಿಗೆ ಪ್ರತಿವರ್ಷ ಹಟ್ಟಿಗೊಬ್ಬರ ಮಾತ್ರ. ಎಷ್ಟು ಅಂದ್ರೆ ಹೆಕ್ಟೇರಿಗೆ 35 ಟನ್, ಚದರ ಮೀಟರಿಗೆ ಮೂರೂವರೆ ಕೆಜಿ. ಅಷ್ಟಕ್ಕೇ ಆ ಮಣ್ಣಿನ ಸಾವಯವ ಅಂಶ ಏನೂ ಹಾಕದ ಪಕ್ಕದ ತುಂಡಿಗಿಂತ ಎರಡು ಪಟ್ಟಿಗೂ ಮೇಲೆ ಹೋಗಿದೆ. ಅಲ್ಲೇ ಇನ್ನೊಂದು ಬಾರ್ಲಿ ಗದ್ದೆಯ ತುಂಡಿಗೆ 1852ರಿಂದ 1871ರವರೆಗೆ 20 ವರ್ಷ ಗೊಬ್ಬರ ಹಾಕಿ ಆಮೇಲೆ ನಿಲ್ಲಿಸಿದ್ರು, ನೂರು ವರ್ಷ ಕಳೆದ್ರೂ ಆ ಮಣ್ಣಿನಲ್ಲಿ ಅದರ ಗುಣ ಅಳೆಯುವಷ್ಟು ಉಳಿದಿತ್ತು. ಅದು ಚಳಿದೇಶ, ನಮ್ಮಲ್ಲಿ ಅಷ್ಟು ಉಳಿಯುದಿಲ್ಲ, ಪಾಲಿಹೌಸಿನ ಬಿಸಿಗೆ ಇನ್ನೂ ಬೇಗ ಕರಗ್ತದೆ. ಆದ ಕಾರಣ ನಮ್ಮಲ್ಲಿ ಸ್ವಲ್ಪ ಸ್ವಲ್ಪ, ಪ್ರತಿ ವರ್ಷ ಹಾಕ್ಬೇಕಾದ್ದು. ಒಮ್ಮೆಲೇ ರಾಶಿ ಹಾಕಿದ್ರೆ ಮಣ್ಣು ಉದ್ಧಾರ ಆಗುವ ಮೊದಲು ಗಿಡ ಹೋಗ್ತದೆ.

ಮಾಗಿದ್ದಾ ಇಲ್ವಾ ಅನ್ನುದರ ಬಗ್ಗೆ ಸ್ವಲ್ಪ ಉದ್ದ ಹೇಳ್ಬೇಕು, ಯಾಕಂದ್ರೆ ಪ್ರಮಾಣಕ್ಕಿಂತ ಇದು ದೊಡ್ಡದು. ನಮ್ಮ ಊರಿನ ಹಟ್ಟಿ ಅಂದ್ರೆ ಸೊಪ್ಪು, ತರಗೆಲೆ ಹಾಕಿ ದನ ಮೆಟ್ಟಿ ಮೆಟ್ಟಿ ಪದರ ಪದರ ಆದದ್ದು. ಹಟ್ಟಿ ತೆಗೆಯುವಾಗ ಅಡಿಯದ್ದು ಕಪ್ಪಗೆ ಮಾಗಿರ್ತದೆ, ಮೇಲಿನದ್ದು ನಿನ್ನೆ ಮೊನ್ನೆಯ ಸಗಣಿ, ಎಲ್ಲ ಒಟ್ಟಿಗೆ ಹೆಡಿಗೆಗೆ ಬೀಳ್ತದೆ. ಅರ್ಧ ಮಾಗಿದ ಸೊಪ್ಪು, ಅಡಿಕೆ ಸಿಪ್ಪೆ, ಬೈಹುಲ್ಲು ಇದ್ರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ತಿಂದು ಗಿಡಕ್ಕೆ ಮೂರು ನಾಲ್ಕು ವಾರ ಬಿಡುದಿಲ್ಲ, ಸಸಿ ಹಳದಿ ಆಗ್ತದೆ. ಅದೇ ಹಸಿ ಸಗಣಿ, ಗಂಜಲ ಜಾಸ್ತಿ ಇದ್ರೆ ತದ್ವಿರುದ್ಧ, ಅಮೋನಿಯಾ ಎದ್ದು ಸುಡ್ತದೆ. ಹೊರಗೆ ಆದ್ರೆ ಗಾಳಿಗೆ ಹಾರಿ ಹೋಗ್ತದೆ, ಒಳಗೆ ಎಲ್ಲಿಗೆ ಹೋಗುದು?

ಇದನ್ನು ನಾನು ನಮ್ಮದೇ ಪಾಲಿಹೌಸಿನಲ್ಲಿ ಅನುಭವಿಸಿದ್ದೇನೆ. ಮಣ್ಣು ಹುಳಿ ಉಂಟು ಅಂತ ಸುಣ್ಣ ಹಾಕಿ, ಅದರ ಮೇಲೇ ಆ ವಾರ ಅರೆಮಾಗಿದ ಹಟ್ಟಿಗೊಬ್ಬರ ಬೆರೆಸಿ, ಹತ್ತು ದಿನಕ್ಕೆ ಸಸಿ ನೆಟ್ಟೆವು. ರಾತ್ರಿ ಗಾಳಿಮಳೆ ಜೋರು ಅಂತ ನಾಲ್ಕೂ ಬದಿಯ ಪರದೆ ಇಳಿಸಿದ್ದು. ಬೆಳಿಗ್ಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆದ ವಾಸನೆಗೆ ಕಣ್ಣಲ್ಲಿ ನೀರು ಬಂತು. ಎರಡು ದಿನದಲ್ಲಿ ಕೆಳಗಿನ ಎಲೆಗಳೆಲ್ಲ ಬಿಸಿನೀರು ಬಿದ್ದ ಹಾಗೆ ಆಗಿ ಕಂದು ಬಣ್ಣಕ್ಕೆ ತಿರುಗಿದ್ವು, ಸಸಿಗಳಲ್ಲಿ ಅರ್ಧ ಹೋಯ್ತು. ಸುಣ್ಣ ಮಣ್ಣನ್ನು ಕ್ಷಾರದ ಕಡೆಗೆ ತಳ್ಳಿದ ಕೂಡ್ಲೇ ಗೊಬ್ಬರದ ಅಮೋನಿಯಂ ಗಾಳಿಯ ರೂಪಕ್ಕೆ ಬಂದು ಬಿಡ್ತದೆ, ಗೊತ್ತಿದ್ದೂ ಅವಸರದಲ್ಲಿ ಮಾಡಿದ ಕೆಲಸ. ಸುಣ್ಣ ಅಥವಾ ಡಾಲಮೈಟ್ ಹಾಕಿದ್ರೆ ಮೂರು ವಾರ ಬಿಟ್ಟೇ ಗೊಬ್ಬರ ಹಾಕಿ, ಗೊಬ್ಬರ ಹಾಕಿ ಇನ್ನೆರಡು ವಾರ ಬಿಟ್ಟು ನೆಡಿ, ಆ ದಿನಗಳಲ್ಲಿ ಪರದೆ ಮೇಲೇ ಇರ್ಲಿ.

ಮಾಗಿದ್ದನ್ನು ಪರೀಕ್ಷೆ ಮಾಡ್ಲಿಕ್ಕೆ ಲ್ಯಾಬ್ ಬೇಡ. ರಾಶಿಯ ನಡುವಿನಿಂದ ಎರಡು ಮುಷ್ಟಿ ತೆಗೆದು, ಹಿಂಡಿದ್ರೆ ನೀರು ಇಳಿಯದಷ್ಟು ಒದ್ದೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮೂರು ದಿನ ನೆರಳಲ್ಲಿ ಇಡಿ. ತೆಗೆದಾಗ ಕಾಡಿನ ಮಣ್ಣಿನ ವಾಸನೆ ಬಂದ್ರೆ ಆಯ್ತು, ಅಮೋನಿಯಾ ಅಥವಾ ಕೊಳೆತ ವಾಸನೆ ಬಂದ್ರೆ ಇನ್ನೂ ಆಗ್ಲಿಲ್ಲ. ಇನ್ನೊಂದು, ಎರಡು ಚಟ್ಟಿ ತಗೊಳ್ಳಿ, ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ, ಎರಡಕ್ಕೂ ಹತ್ತು ಹತ್ತು ಸೌತೆ ಬೀಜ. ವಾರದಲ್ಲಿ ಗೊಬ್ಬರದ ಚಟ್ಟಿಯಲ್ಲಿ ಮೊಳಕೆ ಕಡಿಮೆ ಬಂದ್ರೆ, ಬಂದದ್ದರ ಬೇರಿನ ತುದಿ ಕಂದು ಆಗಿದ್ರೆ, ಅದು ಪಾಲಿಹೌಸಿಗೆ ಬೇಡ, ತೆಂಗಿನ ಬುಡಕ್ಕೆ ಹೋಗ್ಲಿ. ಮುಳ್ಳುಸೌತೆ ಹಸಿಯಾಗಿ ತಿನ್ನುವ ತರಕಾರಿ ಅನ್ನುದೂ ನೆನಪಿರ್ಲಿ, ಹಸಿ ಸಗಣಿಯಲ್ಲಿ ಹೊಟ್ಟೆಗೆ ಆಗದ ಬ್ಯಾಕ್ಟೀರಿಯಾ ಇರ್ತದೆ, ಅಮೆರಿಕದ ಸಾವಯವ ನಿಯಮದಲ್ಲಿ ಮಣ್ಣಿಗೆ ತಾಗುವ ಫಸಲಿಗೆ ಹಸಿ ಗೊಬ್ಬರ ಹಾಕಿದ್ರೆ ಕೊಯ್ಲಿಗೆ 120 ದಿನ ಅಂತರ ಬೇಕು, ಮಣ್ಣಿಗೆ ತಾಗದ್ದಕ್ಕೆ 90. ನಮ್ಮ ಮುಳ್ಳುಸೌತೆ ನೆಟ್ಟು 40 ದಿನಕ್ಕೆಲ್ಲ ಕೊಯ್ಲಿಗೆ ಬರ್ತದೆ.

ಗುಂಡಿಯಲ್ಲಿ ಮಾಗಿಸುವಾಗ ಮೇಲೆ ಮಾಡು ಇರ್ಬೇಕು, ಇಲ್ಲದಿದ್ರೆ ಮಳೆಗಾಲದಲ್ಲಿ ಪೊಟ್ಯಾಷ್, ಸಾರಜನಕ ಎಲ್ಲ ಕಪ್ಪುನೀರಾಗಿ ತೋಡಿಗೆ ಹೋಗ್ತದೆ. ಆದ್ರೆ ಒಂದು ವಿಷಯ, ಮಾಡಿನ ಕೆಳಗೆ ಮಾಗಿದ ಗೊಬ್ಬರ ಹೆಚ್ಚು ಖಾರ, ಸಾರವೂ ಜಾಸ್ತಿ ಉಪ್ಪೂ ಜಾಸ್ತಿ. ಹಾಗಾಗಿ ಅಂಥದ್ದನ್ನು ಪಾಲಿಹೌಸಿಗೆ ಹಾಕುವಾಗ ಇನ್ನೂ ಕಡಿಮೆ ಸಾಕು. ಗುಂಡಿ ಕೆದಕುವಾಗ ಹೆಬ್ಬೆರಳು ದಪ್ಪದ ಬಿಳಿ ಹುಳ ಸುರುಳಿ ಸುತ್ತಿಕೊಂಡು ಬಿದ್ದಿರ್ತದಲ್ಲ, ಅದು ಹೆಚ್ಚಾಗಿ ಕುರುವಾಯಿ ದುಂಬಿಯ ಮರಿ. ಗೊಬ್ಬರ ತಿಂದೇ ಬದುಕುದು, ತರಕಾರಿ ಬೇರಿಗೆ ಅದರಿಂದ ದೊಡ್ಡ ಉಪದ್ರ ಇಲ್ಲ, ಆದ್ರೆ ದೊಡ್ಡದಾಗಿ ಹಾರಿ ಹೋಗಿ ನಿಮ್ಮದೇ ತೆಂಗಿನ ಸುಳಿ ಕೊರೀತದೆ, ಕಂಡದ್ದನ್ನೆಲ್ಲ ಹೆಕ್ಕಿ ತೆಗೀರಿ, ಗುಂಡಿಗೆ ಆ ಮರಿಯನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿ. ಬೇರು ತಿನ್ನುವ ಬೇರುಹುಳ ಬೇರೆ ಜಾತಿ.

ಮಾಗಿದ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಅನ್ನುವ ಉಪಕಾರಿ ಸೂಕ್ಷ್ಮಜೀವಿಗಳು ಮತ್ತೆ ಬೇವಿನ ಹಿಂಡಿ ಬೆರೆಸಿ ಒಂದು ಹದಿನೈದು ದಿನ ನೆರಳಲ್ಲಿ ಗೋಣಿ ಮುಚ್ಚಿ, ಒದ್ದೆ ಆರದ ಹಾಗೆ ಇಟ್ಟು ಹಾಕುದು ಒಳ್ಳೆ ಪದ್ಧತಿ. ಪಾಲಿಹೌಸಿನಲ್ಲಿ ಒಂದೇ ಬೆಳೆ ಮತ್ತೆ ಮತ್ತೆ ಮಾಡುವಾಗ ಬೇರುಗಂಟು ಜಂತುಹುಳ ಬರ್ದೆ ಇರುದಿಲ್ಲ, ಅದಕ್ಕೆ ಇದು ತಡೆ. ಬ್ಯಾಕ್ಟೀರಿಯಾದ ಸೊರಗು ರೋಗಕ್ಕೆ ಮಾತ್ರ ಹಟ್ಟಿಗೊಬ್ಬರವನ್ನು ನಂಬಿ ಕೂರ್ಬೇಡಿ. ಟೊಮೆಟೊ, ಬದನೆ, ಕ್ಯಾಪ್ಸಿಕಂ ಗಿಡ ಹಸಿರಾಗಿಯೇ ಒಂದು ಮಧ್ಯಾಹ್ನ ಜೋತು ಬಿದ್ರೆ ಬುಡದ ಕಾಂಡ ಕತ್ತರಿಸಿ ಲೋಟದ ನೀರಿಗೆ ಇಳಿಬಿಡಿ, ಹಾಲಿನ ನೂಲಿನ ಹಾಗೆ ಇಳಿದ್ರೆ ಅದೇ ರೋಗ. ಕುದನೆ ಗಿಡದ ಮೇಲೆ ಕಸಿ ಕಟ್ಟಿದ ಬದನೆ, ಟೊಮೆಟೊದಲ್ಲಿ ಅರ್ಕಾ ರಕ್ಷಕ್‌ನಂಥ ತಡ್ಕೊಳ್ಳುವ ತಳಿ, ಇದೇ ದಾರಿ.

ಈಗ ನಿಮ್ಮ ಬೆಳೆಗೆ ಬರುವ. 19:19:19 ಇವತ್ತೇ ನಿಲ್ಲಿಸಿ. ಜೀವಾಮೃತ, ಸ್ಲರಿ ಎಂತದ್ದೂ ಬೇಡ, ಅವೂ ಗೊಬ್ಬರವೇ. ಬೆಡ್ಡಿನ ಬದಿಯ ಬಿಳಿ ಪುಡಿಯನ್ನು ಬೆಳಿಗ್ಗೆ ನೀರು ಬಿಡುವ ಮೊದಲೇ ಒಂದು ಸೆಂಟಿಮೀಟರ್ ಮಣ್ಣಿನ ಸಮೇತ ಕೆರೆದು ತೆಗೀರಿ, ಅದನ್ನು ತೆಂಗಿನ ಬುಡಕ್ಕೆ ಹಾಕಿ, ತೆಂಗು ಉಪ್ಪು ತಡ್ಕೊಳ್ಳುವ ಮರ, ಪೊಟ್ಯಾಷ್ ಬೇಕಾದ ಮರ. ಆಮೇಲೆ ಹತ್ತು ದಿನ ಬರೀ ನೀರು, ಮಾಮೂಲಿಗಿಂತ ಅರ್ಧ ಪಟ್ಟು ಜಾಸ್ತಿ ಹೊತ್ತು ಬಿಡಿ, ಉಪ್ಪು ಬೇರಿನಿಂದ ಕೆಳಗೆ ಇಳಿಯುವಷ್ಟು. ನಡುವೆ ಒಣಗಲು ಬಿಡ್ಬೇಡಿ, ಒಣಗಿದ ದಿನವೇ ಉಪ್ಪು ಮೇಲೆ ಏರುದು. ಬೆಡ್ಡಿಗೆ ಮಲ್ಚಿಂಗ್ ಶೀಟ್ ಇಲ್ಲದಿದ್ರೆ ತರಗೆಲೆಯನ್ನಾದ್ರೂ ಹೊದಿಸಿ. ಬಳ್ಳಿಯಲ್ಲಿ ಇರುವ ಸೊಟ್ಟ ಕಾಯಿ, ಕುಂಟಿದ ಕಾಯಿ ಎಲ್ಲ ತೆಗೆದು ಭಾರ ಇಳಿಸಿ. ಹೊಸ ಎಲೆಯ ಅಂಚು ಸುಡದೆ ಬಂದ್ರೆ ಗೆದ್ದಿರಿ, ಸುಟ್ಟ ಹಳೇ ಎಲೆ ಸರಿ ಆಗುದಿಲ್ಲ, ಅದನ್ನು ನೋಡಿ ಬೇಜಾರು ಮಾಡ್ಬೇಡಿ.

ಬೆಳೆ ಮುಗಿದ ಮೇಲೆ ದೊಡ್ಡ ಕೆಲಸ ಉಂಟು. ಒಂದು ಅಡಿ ಮಣ್ಣಿನ ಉಪ್ಪು ಅರ್ಧ ಇಳಿಸ್ಲಿಕ್ಕೆ ಸುಮಾರು 15 ಸೆಂಟಿಮೀಟರ್ ನೀರು ಬೇಕು, ಅಂದ್ರೆ ಚದರ ಮೀಟರಿಗೆ 150 ಲೀಟರ್, ನಿಮ್ಮ 600 ಚದರ ಮೀಟರ್ ಬೆಡ್ಡಿಗೆ 90 ಸಾವಿರ ಲೀಟರ್, ಅದೂ ಒಮ್ಮೆಲೇ ಅಲ್ಲ, ನಾಲ್ಕೈದು ಸಲ ಬಿಟ್ಟು ಬಿಟ್ಟು. ಮಾರ್ಚ್ ಏಪ್ರಿಲಿನಲ್ಲಿ ಬಾವಿಯಲ್ಲಿ ಅಷ್ಟು ನೀರು ಎಲ್ಲಿ. ಮತ್ತೆ ಮನೆಯ ಕುಡಿಯುವ ಬಾವಿ ಪಾಲಿಹೌಸಿನ ಕೆಳಬದಿಯಲ್ಲಿ ಇದ್ರೆ ಹೀಗೆ ತೊಳೆಯುದೇ ಬೇಡ, ಮುರಕಲ್ಲಿನ ಸಂದಿಯಲ್ಲಿ ನೈಟ್ರೇಟ್ ಬಾವಿಗೆ ಇಳೀತದೆ, ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟ್ಬಾರದು, ಮನೆಯಲ್ಲಿ ಸಣ್ಣ ಮಗು ಇದ್ರೆ ಅದು ಅಪಾಯವೇ. ಅದಕ್ಕಿಂತ ನನಗೆ ಇಷ್ಟ ಆದ ದಾರಿ ಎಂತ ಅಂದ್ರೆ ಮುಂದಿನ ಬೆಳೆಯ ಜಾಗದಲ್ಲಿ ಗೊಬ್ಬರ ಹಾಕದೆ ಒತ್ತಾಗಿ ಮೆಕ್ಕೆಜೋಳ ಬಿತ್ತಿ, 50-60 ದಿನಕ್ಕೆ ಕಡಿದು ದನಕ್ಕೆ ಹಾಕುದು, ಹೆಚ್ಚಾದ ಸಾರಜನಕ ಪೊಟ್ಯಾಷ್ ಅದು ಎತ್ತಿ ತರ್ತದೆ. ಅಂಥ ಮೇವಿನಲ್ಲಿ ನೈಟ್ರೇಟ್ ಜಾಸ್ತಿ ಇರ್ತದೆ, ಒಮ್ಮೆಲೇ ಹೊಟ್ಟೆ ತುಂಬ ಹಾಕ್ಬೇಡಿ, ಬೈಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ. ಮತ್ತೆ ಮಾಡಿನ ಪ್ಲಾಸ್ಟಿಕ್ ಬದಲಿಸುವ ವರ್ಷ ಬಂದಾಗ, ಹಳೇ ಶೀಟನ್ನು ಮೇ ಕೊನೆಗೆ ತೆಗೆದು ಹೊಸತನ್ನು ಹದಿನೈದು ದಿನ ತಡ ಮಾಡಿ ಹಾಕಿಸಿ, ಬಾವಿಯ ತೊಂದರೆ ಇಲ್ಲದ ಜಾಗ ಆದ್ರೆ ಜೂನ್ ಮಳೆ ಬೆಡ್ಡನ್ನು ತೊಳೆದು ಕೊಡ್ತದೆ, ಅದಕ್ಕೆ ಕಾಸಿಲ್ಲ.

ಆಮೇಲಿನ ಬೆಳೆಗೆ ಹಟ್ಟಿಗೊಬ್ಬರ ಬೆಡ್ಡಿನ ಚದರ ಮೀಟರಿಗೆ 3 ಕೆಜಿ, ಹೆಚ್ಚೆಂದ್ರೆ 4, ಅದೂ ವರ್ಷಕ್ಕೆ ಒಮ್ಮೆ. ಹಿಂದೆ ಹಾಕಿದ್ದು ಮಣ್ಣಲ್ಲಿ ಉಳಿದಿರುವ ಕಾರಣ ಮೊದಲಿನ 4 ಟನ್ ಈಗ ಬೇಡ, ನಿಮ್ಮ ಬೆಡ್ಡಿಗೆ ಒಟ್ಟು 2 ಟನ್ ಆಸುಪಾಸು ಸಾಕು, ಒಂದು ಹೆಡಿಗೆಯಲ್ಲಿ 20 ಕೆಜಿ ಹಿಡಿದ್ರೆ ಮೀಟರ್ ಅಗಲದ ಬೆಡ್ಡಿನಲ್ಲಿ ಆರೇಳು ಮೀಟರ್ ಉದ್ದಕ್ಕೆ ಒಂದು ಹೆಡಿಗೆ. ಕೋಳಿಗೊಬ್ಬರ ಬೇಡ. ಸುಡುಮಣ್ಣು, ಬೂದಿ ಹಾಕುವ ಅಭ್ಯಾಸ ಇದ್ರೆ ಅದೂ ಒಳಗೆ ಕೈಯಳತೆಯಲ್ಲಿ, ಬೂದಿಯೂ ಪೊಟ್ಯಾಷ್ ಉಪ್ಪೇ. ಜೂನ್‌ನಿಂದ ಆಗಸ್ಟ್ ತನಕ ಇರುವ ಬೆಳೆಗೆ ಇನ್ನೂ ಕಡಿಮೆ ಮಾಡಿ, ಆಗ ಬಿಸಿಲು ಇಲ್ಲ, ಗಾಳಿಯಲ್ಲಿ ತೇವ ತುಂಬಿ ಗಿಡ ನೀರೇ ಎಳೆಯುದಿಲ್ಲ, ಸಿಕ್ಕಿದ ಸಾರಜನಕವನ್ನು ಕಾಯಿ ಮಾಡ್ಲಿಕ್ಕೆ ಬೆಳಕಿಲ್ಲದೆ ಬಳ್ಳಿ ಬರೀ ಉದ್ದ ಹೋಗ್ತದೆ, ಎಲೆಯಡಿ ಬೂಜು ರೋಗ ಹಿಡೀತದೆ. ಹರಿವೆ, ಪಾಲಕ್ ಮಾಡಿದ್ರೆ ಆ ನೈಟ್ರೇಟ್ ಎಲೆಯಲ್ಲೇ ಉಳಿದು ನಮ್ಮ ಬಟ್ಟಲಿಗೆ ಬರ್ತದೆ.

ಒಂದು ಇಸಿ ಪೆನ್ ತಗೊಳ್ಳಿ, ನೀರಿನಲ್ಲಿ ಉಪ್ಪು ಎಷ್ಟು ಕರಗಿದೆ ಅಂತ ತೋರಿಸುದು, ಪೆನ್ನಿನ ಹಾಗೇ ಇರ್ತದೆ, ದೊಡ್ಡ ಖರ್ಚು ಇಲ್ಲ. ಒಂದು ಅಳತೆ ಮಣ್ಣಿಗೆ ಎರಡು ಅಳತೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಚೆನ್ನಾಗಿ ಕಲಸಿ ಅರ್ಧ ಗಂಟೆ ಬಿಟ್ಟು ಮೇಲಿನ ನೀರಿಗೆ ಅದ್ದಿ. ಮಿಲಿಸೀಮೆನ್ಸ್ (mS/cm) ಲೆಕ್ಕದಲ್ಲಿ 0.75ರಿಂದ 1.25 ಒಳಗೆ ಬಂದ್ರೆ ಚಂದ, 1.75 ದಾಟಿದ್ರೆ ಎಚ್ಚರ, 2.25ರ ಮೇಲೆ ಇದ್ರೆ ನೆಡುದೇ ಬೇಡ. ಬೀನ್ಸ್ ಇದಕ್ಕಿಂತ ಕಡಿಮೆಗೇ ಸೋಲ್ತದೆ, ಕ್ಯಾಪ್ಸಿಕಂ ಅದರ ನಂತರ, ಟೊಮೆಟೊ ಮುಳ್ಳುಸೌತೆ ಸ್ವಲ್ಪ ತಡ್ಕೊಳ್ತವೆ. ಬಾವಿ ನೀರಿಗೂ ಒಮ್ಮೆ ಅದ್ದಿ ನೋಡಿ, ಹಿರಿಯಡ್ಕದಲ್ಲಿ ತೊಂದರೆ ಇರ್ಲಿಕ್ಕಿಲ್ಲ, ಮಲ್ಪೆ, ಕೋಟ ಕಡೆ ಕಡಲಿಗೆ ಹತ್ತಿರ ಇರುವವರು ಏಪ್ರಿಲ್ ಮೇಯಲ್ಲಿ ನೋಡ್ಲೇಬೇಕು. ಪಿಎಚ್, ರಂಜಕ, ಪೊಟ್ಯಾಷ್ ಪೂರ್ತಿ ಪರೀಕ್ಷೆ ಬೇಕಾದ್ರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ನಿಮಗೆ ಹತ್ತಿರವೇ.

ಮಣ್ಣು ತೆಗೆಯುವಾಗ ಮೂರು ಕಡೆ ತೆಗೀರಿ, ಡ್ರಿಪ್ಪರಿನ ಬುಡದಲ್ಲಿ ಒಂದು, ಎರಡು ಡ್ರಿಪ್ಪರಿನ ನಡುವೆ ಒಂದು, ಬಿಳಿ ಎದ್ದ ಬದಿಯಲ್ಲಿ ಒಂದು, ಮೂರನ್ನೂ ಬೆರೆಸ್ಬೇಡಿ. ಆ ಮೂರು ನಂಬರ್, ಮೊದಲ ಬೆಳೆ ಕೊಯ್ದು ಎಷ್ಟು ದಿನ ಆಯ್ತು, ಬಾವಿ ಪಾಲಿಹೌಸಿನ ಯಾವ ಬದಿಗೆ ಉಂಟು ಅನ್ನುದನ್ನು ಬರೆದು ಕಳಿಸಿ, ನೀರು ಎಷ್ಟು ಸಲ ಬಿಡ್ಬೇಕು ಅಂತ ಆಗ ಸರಿಯಾಗಿ ಹೇಳ್ಬಹುದು.